ವನಜಕ್ಕನ ಹಿಡಿಗೆ ಎಷ್ಟು ಗ್ರಾಂ?

"ಮೊದಲು ಇದು ಎಷ್ಟು ತೂಗ್ತದೆ ನೋಡನೆ."

ಹಾಗಂದು ವನಜಕ್ಕ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ನಮ್ಮ ಅಡುಗೆಕಟ್ಟೆಯ ಮೇಲಿದ್ದ ತೂಕದ ಮೆಷಿನ್ ಮೇಲಿಟ್ಟಳು. ಭಾನುವಾರ ಬೆಳಿಗ್ಗೆ, ನಾನು ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಮೆಷಿನ್ನಿನ ಅಂಕಿ ಒಂಬೈನೂರಕ್ಕೆ ಏರಿತು, ಎಂಟುನೂರ ಅರವತ್ತಕ್ಕೆ ಇಳಿಯಿತು, ಮತ್ತೆ ಏರಿತು. ನಿಲ್ಲಲೇ ಇಲ್ಲ. ಯಾಕೆಂದರೆ ಕೈ ನಿಲ್ಲುತ್ತಿರಲಿಲ್ಲ.

"ಕಂಡ್ಯಾ? ಇಂಥ ಕೈಲಿ ಉಪ್ಪು ಹಾಕಿದ್ರೆ ಮುನ್ನೂರು ಜನ ಎಂತ ಉಣ್ಣಾದು ಮಾರಾಯ್ತಿ?"

ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಕಾಫಿ ಕುಡಿದೆ. ಕೆಲವು ಸಂದರ್ಭಗಳಲ್ಲಿ ಕಾಫಿ ತುಂಬ ಉಪಕಾರಿ.

ವನಜಕ್ಕ ಯಾರು ಅಂತ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಒಂದು ಮದುವೆ ಮುಂಜಿಯಲ್ಲಿ ಉಂಡವರು ಆಕೆಯ ಸಾರನ್ನು ಕುಡಿದೇ ಇರ್ತಾರೆ. ಉಳಿದವರಿಗಾಗಿ ಹೇಳ್ತೀನಿ. ವನಜಕ್ಕ ನನ್ನ ದೊಡ್ಡಮ್ಮನ ಮಗಳು. ಮನೆ ಭಂಡಿಗಡಿ. ಇಪ್ಪತ್ತೆರಡು ವರ್ಷದಿಂದ ಸಮಾರಂಭದ ಅಡುಗೆ ಮಾಡಿಸುವವಳು. ನಮ್ಮ ಕಡೆ ದೊಡ್ಡ ಅಡುಗೆಗೆ ಯಜಮಾನ ಅಂದರೆ ಗಂಡಸೇ. ಹೆಂಗಸರು ತರಕಾರಿ ಹೆಚ್ಚಲು, ಕಾಯಿ ತುರಿಯಲು, ಆಮೇಲೆ ಬಳಿದು ತೊಳೆಯಲು. ವನಜಕ್ಕ ಮೊದಲ ಸಲ ಸೌಟು ಹಿಡಿದು ಒಲೆಯ ಎದುರು ನಿಂತು "ಬೆಂಕಿ ಕಮ್ಮಿ ಮಾಡಿ" ಅಂತ ಗಂಡಸರಿಗೆ ಹೇಳಿದಾಗ ಇಬ್ಬರು ಭಟ್ಟರು ಟವೆಲ್ ಕೊಡವಿ ಎದ್ದು ಹೋಗಿದ್ದರಂತೆ. ಅವತ್ತು ಅವಳೊಬ್ಬಳೇ ಇನ್ನೂರೈವತ್ತು ಜನಕ್ಕೆ ಬೇಯಿಸಿ ಹಾಕಿದ್ದಳು. ಅದಾದಮೇಲೆ ಯಾರೂ ಟವೆಲ್ ಕೊಡವಲಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವನಜಕ್ಕನ ಕೈಯಿಂದ ಬ್ರಶ್ ಬಿತ್ತು. ಎತ್ತಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಸ್ಟ್ರೋಕ್. ಪುಣ್ಯಕ್ಕೆ ಬೇಗ ಆಸ್ಪತ್ರೆಗೆ ಹೋದರು. ಮಾತು ಉಳಿಯಿತು, ನಡಿಗೆ ಉಳಿಯಿತು. ಬಲಗೈ ಮಾತ್ರ ಅರ್ಧ ಬಂತು. ಎತ್ತಬಹುದು, ಹಿಡಿಯಲು ಆಗಲ್ಲ. ಬೆರಳಿನ ತುದಿಗೆ ಬಿಸಿ ತಣ್ಣಗೆ ಗೊತ್ತಾಗಲ್ಲ. ಮತ್ತೆ ಆ ನಡುಕ.

ನೋಡಲು ಬಂದವರು ಒಬ್ಬರೇ, ಇಬ್ಬರೇ? ಬಂದವರೆಲ್ಲ ಒಂದೇ ಮಾತು ಹೇಳಿದರು. "ಅಯ್ಯೋ ವನಜಕ್ಕ, ನಿನ್ನ ಕೈರುಚಿ ಹೋಯ್ತಲ್ಲೇ!"

ಜೀವ ಉಳಿದದ್ದಕ್ಕೆ ಖುಷಿಪಟ್ಟವರಿಗಿಂತ ಸಾರು ಹೋದದ್ದಕ್ಕೆ ಮರುಗಿದವರೇ ಜಾಸ್ತಿ. (ನಾನೂ ಮರುಗಿದ್ದೆ. ಸುಳ್ಳು ಯಾಕೆ ಹೇಳಲಿ?)

ಆಮೇಲೆ ಜನವರಿಯಲ್ಲಿ ಆ ಫೋನ್ ಬಂತು. ಕಡಹಿನಬೈಲಿನ ನಾಗೇಂದ್ರಣ್ಣ. ಹೊಸ ಮನೆ ಕಟ್ಟಿಸಿದ್ದಾರೆ, ಮಾಘದಲ್ಲಿ ಗೃಹಪ್ರವೇಶ, ಮುನ್ನೂರು ಎಲೆ. ಮನೆಗೆ ಪಾಯ ಹಾಕಿದ ದಿನವೇ ವನಜಕ್ಕನಿಗೆ ಅಡುಗೆ ಹೇಳಿದ್ದವರು. ಈಗ ಫೋನ್ ಮಾಡಿದ್ದು ವನಜಕ್ಕನಿಗಲ್ಲ, ಆಕೆಯ ಗಂಡ ಶೇಷಣ್ಣನಿಗೆ. ಶೇಷಣ್ಣ ಪಾತ್ರೆ ಪಗಡೆ ಸಾಗಿಸುವ ವ್ಯಾನ್ ಓಡಿಸುವ ಪಾಪದ ಮನುಷ್ಯ. ಜೋರಾಗಿ ಹಾರ್ನ್ ಹೊಡೆದದ್ದನ್ನೂ ನಾನು ಕೇಳಿಲ್ಲ.

"ತಪ್ಪು ತಿಳ್ಕೋಬೇಡಿ ಶೇಷಣ್ಣ. ಅವರಿಗೆ ಆರಾಮಿಲ್ಲ. ಸುಮ್ನೆ ತೊಂದರೆ ಕೊಡಾದು ಬೇಡ ಅಂತ. ಶಿವಮೊಗ್ಗದಿಂದ ಬೇರೆಯವರನ್ನ ಕರೆಸ್ತೀವಿ."

ಶೇಷಣ್ಣ "ಹೌದು ಹೌದು, ಅದೇ ಒಳ್ಳೇದು" ಅನ್ನುವಷ್ಟರಲ್ಲಿ ವನಜಕ್ಕ ಎಡಗೈಯಲ್ಲಿ ಫೋನ್ ಕಿತ್ತುಕೊಂಡಳು.

"ನಾಗೇಂದ್ರಣ್ಣ, ಆರಾಮಿಲ್ಲದ್ದು ನನಗೆ. ಕೇಳೋದಾದ್ರೆ ನನ್ನನ್ನ ಕೇಳಿ. ನಾನು ಬರ್ತೀನಿ. ಸಾರು ಬಾಯಿಗೆ ಇಡಕ್ಕೆ ಆಗಲಿಲ್ಲ ಅಂದ್ರೆ ನನ್ನೆದುರಿಗೇ ತೋಟಕ್ಕೆ ಚೆಲ್ಲಿ. ಆದ್ರೆ ರುಚಿ ನೋಡದೆ ಚೆಲ್ಲಬೇಡಿ."

ನಾಗೇಂದ್ರಣ್ಣ "ಆಯ್ತು, ಬನ್ನಿ" ಅಂದರು. ಫೋನ್ ಇಟ್ಟಮೇಲೆ ಆಕೆಗೆ ಹೆದರಿಕೆ ಆಯ್ತಂತೆ. ಧೈರ್ಯದ ಮಾತು ಆಡುವಾಗ ಯಾರಿಗೂ ಹೆದರಿಕೆ ಆಗಲ್ಲ, ಆಮೇಲೇ ಅಲ್ವಾ ಆಗೋದು? ಮರುದಿನವೇ ಭಂಡಿಗಡಿಯಿಂದ ಕೊಪ್ಪಕ್ಕೆ, ನನ್ನ ಮನೆಗೆ ಬಂದಳು. ಜೊತೆಗೆ ಲಲಿತ. ಹದಿನೈದು ವರ್ಷದಿಂದ ವನಜಕ್ಕನ ಪಕ್ಕದಲ್ಲೇ ನಿಂತು ದುಡಿದವಳು. ಮಾತು ಕಡಿಮೆ, ಕಣ್ಣು ಚುರುಕು.

ನನ್ನ ಹತ್ತಿರವೇ ಯಾಕೆ? ಎರಡು ಕಾರಣ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮತ್ತೆ, ಕೇಕ್ ಮಾಡ್ತೀನಿ ಅಂತ ಎರಡು ವರ್ಷದ ಹಿಂದೆ ತರಿಸಿದ ಡಿಜಿಟಲ್ ತೂಕದ ಮೆಷಿನ್ ನನ್ನ ಹತ್ತಿರ ಇದೆ. (ಕೇಕ್ ಎರಡು ಸಲ ಮಾಡಿದೆ. ಎರಡನೇದನ್ನು ದನವೂ ಮೂಸಿ ಬಿಟ್ಟಿತು.)

"ನನ್ನ ಪಾವು, ಸೇರು, ಹಿಡಿ, ಚಿಟಿಕೆ ಎಲ್ಲಾ ಗ್ರಾಂಗೆ ತಂದು ಬರ್ದು ಕೊಡು. ನಾನು ಹೇಳ್ತೀನಿ, ಲಲಿತ ತೂಗಿ ಹಾಕ್ತಾಳೆ. ಕೈ ಬೇಡ ನಂಗೆ" ಅಂದಳು.

ಅಷ್ಟೇ ತಾನೆ? ನಾನು ಕಾಲರ್ ಎತ್ತಿದೆ (ಸೀರೆಗೆ ಕಾಲರ್ ಇಲ್ಲದಿದ್ದರೂ). ನಮ್ಮ ಮನೆಯ ಸ್ಟೀಲ್ ಪಾವಿನಲ್ಲಿ ಅಕ್ಕಿ ತುಂಬಿ ತೂಗಿದೆ. ಇನ್ನೂರ ಹತ್ತು ಗ್ರಾಂ. ಪಾವು ಅಂದರೆ ಇನ್ನೂರ ಹತ್ತು, ಅರೆಪಾವು ಅಂದರೆ ನೂರ ಐದು. ಹತ್ತು ನಿಮಿಷದಲ್ಲಿ ಸಾರಿನ ಪುಡಿಯ ಲೆಕ್ಕ ಮುಗಿಯಿತು. ಒಂದು ಪಾವು ಕೊತ್ತಂಬರಿಗೆ ಇನ್ನೂರ ಹತ್ತು ಗ್ರಾಂ ಅಂತ ಬರೆದುಕೊಟ್ಟೆ. ಲಲಿತ ಮೆಷಿನ್ ಮೇಲೆ ಕೊತ್ತಂಬರಿ ಸುರಿಯತೊಡಗಿದಳು. ಸುರಿದಳು. ಇನ್ನೂ ಸುರಿದಳು. ಪಾತ್ರೆ ತುಂಬಿ ರಾಶಿಯಾಯಿತು.

"ಟೀಚರ್, ಇದು ಜಾಸ್ತಿ ಅನ್ಸಲ್ವಾ?"

"ಲೆಕ್ಕ ಲೆಕ್ಕವೇ ಲಲಿತ" ಅಂದೆ ನಾನು.

ಹುರಿದು ಪುಡಿ ಮಾಡಿ ಸಾರು ಕುದಿಸಿದೆವು. ವನಜಕ್ಕ ಒಂದು ಚಮಚ ಬಾಯಿಗೆ ಬಿಟ್ಟುಕೊಂಡಳು. ನನ್ನ ಮುಖ ನೋಡಿದಳು.

"ಶೀತ ಆದವರಿಗೆ ಕೊಡು ಇದನ್ನ. ಕಷಾಯ."

ಹೊಳೆಯಿತು. ಪ್ರತಿವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ "ಒಂದು ಲೋಟ ಹತ್ತಿ, ಒಂದು ಲೋಟ ಮರಳು, ಎರಡರ ತೂಕ ಒಂದೇನಾ?" ಅಂತ ಕೇಳುವವಳು ನಾನು. "ಅಲ್ಲಾ ಮಿಸ್" ಅಂತ ಅವು ಒಟ್ಟಿಗೆ ಕೂಗ್ತವೆ. ಕೊತ್ತಂಬರಿ ಒಳಗೆ ಟೊಳ್ಳು. ಅದರ ಒಂದು ಪಾವು ಎಂಬತ್ತೈದು ಗ್ರಾಂ ದಾಟಲ್ಲ. ಅಕ್ಕಿಯ ತೂಕವನ್ನು ಕೊತ್ತಂಬರಿಗೆ ಹಾಕಿ ಎರಡೂವರೆ ಪಟ್ಟು ಸುರಿಸಿದ್ದೆ! ಒಂದು ಅಳತೆಗೆ ಒಂದು ತೂಕ ಅಂತ ಇರುವುದಿಲ್ಲ. ಯಾವ ಪದಾರ್ಥ ಅನ್ನುವುದು ಮುಖ್ಯ. ಕ್ಲಾಸಿನಲ್ಲಿ ಗೊತ್ತಿದ್ದದ್ದು ಅಡುಗೆಮನೆಗೆ ಬರುವ ಹೊತ್ತಿಗೆ ಮರೆತುಹೋಗಿತ್ತು.

ಅವತ್ತಿನಿಂದ ಲೆಕ್ಕ ಹೊಸದಾಗಿ ಶುರುವಾಯಿತು. ವನಜಕ್ಕ ತನ್ನದೇ ಪಾವು ತಂದಳು. ಹಿತ್ತಾಳೆಯದು, ಯಾವುದೋ ಮದುವೆಯಲ್ಲಿ ಬಿದ್ದು ಹೊಟ್ಟೆಯಲ್ಲಿ ನೆಗ್ಗಿದೆ. "ಬೇರೆ ಪಾವು ಬೇಡ. ನನ್ನ ರುಚಿ ಈ ನೆಗ್ಗು ಸೇರಿದ್ದು" ಅಂದಳು. ಸರಿ. ಆ ಪಾವಿನಲ್ಲಿ ಪ್ರತಿಯೊಂದನ್ನೂ ಮೂರು ಮೂರು ಸಲ ತುಂಬಿ ತೂಗಿದೆವು. ಬೇಳೆ ಬೆರಳಲ್ಲಿ ಸವರಿ ಮಟ್ಟ ಮಾಡಿ. ಕೊತ್ತಂಬರಿ ಗೋಪುರದ ಹಾಗೆ. ಬೆಲ್ಲ ಒತ್ತಿ. ಅಕ್ಕಿಹಿಟ್ಟಂತೂ ನನ್ನ ತಲೆ ಕೆಡಿಸಿತು. ಜರಡಿ ಹಿಡಿದು ಸಡಿಲವಾಗಿ ತುಂಬಿದರೆ ಒಂದು ತೂಕ, ಪಾವನ್ನು ನೆಲಕ್ಕೆ ಕುಟ್ಟಿ ತುಂಬಿದರೆ ಇನ್ನೊಂದು ತೂಕ. ಎರಡರ ನಡುವೆ ನಲವತ್ತು ಗ್ರಾಂ ಅಂತರ. "ನೀನು ಯಾವ ಥರ ತುಂಬೋದು?" ಅಂದರೆ ವನಜಕ್ಕ, "ತುಂಬೋ ಥರ" ಅಂತಾಳೆ.

ಹುಣಸೆಹಣ್ಣು ಎಷ್ಟು? "ನಿಂಬೆಹಣ್ಣಿನ ಗಾತ್ರ." ಯಾವ ನಿಂಬೆಹಣ್ಣು ತಾಯಿ? ಹಿತ್ತಲಿನದೋ, ಅಂಗಡಿಯದೋ? ಕೊಪ್ಪದ ಪೇಟೆಯಲ್ಲಿ ನಿಂಬೆ ಗೋಲಿಯಷ್ಟೂ ಸಿಗ್ತದೆ, ಚೆಂಡಿನಷ್ಟೂ ಸಿಗ್ತದೆ. ನಮ್ಮ ಅಮ್ಮಂದಿರು ಕಂಡದ್ದು ಯಾವ ನಿಂಬೆ?

ಇಲ್ಲಿ ನನ್ನದೊಂದು ಮಾತು ಹೇಳಿಬಿಡ್ತೀನಿ. ನಮ್ಮಮ್ಮ ಹಾಕುತ್ತಿದ್ದ ಮಿಡಿ ಉಪ್ಪಿನಕಾಯಿಗೆ ಊರಲ್ಲಿ ಹೆಸರಿತ್ತು. "ಎಷ್ಟು ಸಾಸಿವೆ ಅಮ್ಮ?" ಅಂದರೆ "ಬೇಕಾದಷ್ಟು." "ಎಷ್ಟು ಉಪ್ಪು?" "ಹದ ನೋಡಿ." ಅಮ್ಮ ಹೋಗಿ ಹನ್ನೊಂದು ವರ್ಷ. ಹನ್ನೊಂದು ವರ್ಷವೂ ನಾನು ಮಿಡಿ ಹಾಕಿದ್ದೀನಿ, ಒಂದು ವರ್ಷವೂ ಅದು ಅಮ್ಮನದಾಗಿಲ್ಲ. ಒಂದು ಚೀಟಿಯಲ್ಲಿ ನಾಲ್ಕು ಅಂಕಿ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಅಮ್ಮನಿಗೆ ಅಕ್ಷರ ಬರುತ್ತಿತ್ತು, ಲೆಕ್ಕವೂ ಬರುತ್ತಿತ್ತು. ಆದರೆ ಅದು ಬರೆದಿಡುವಂಥ ವಿದ್ಯೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಲಿಲ್ಲ. ಬರೀ ಬೆರಳು ಚೀಪಿದೆವು.

ವನಜಕ್ಕನ ವಿಷಯಕ್ಕೆ ಬರ್ತೀನಿ. ಪಾವಿನ ಲೆಕ್ಕ ನಾಲ್ಕು ದಿನದಲ್ಲಿ ಮುಗಿಯಿತು. ನಿಂತದ್ದು ಉಪ್ಪಿನ ಹತ್ತಿರ.

ಉಪ್ಪನ್ನು ಆಕೆ ಪಾವಿನಲ್ಲಿ ಅಳೆದವಳೇ ಅಲ್ಲ. ಬಲಗೈಯ ಹಿಡಿ. ದೊಡ್ಡ ಪಾತ್ರೆಯ ಸಾರಿಗೆ ಏಳು ಹಿಡಿ ಹರಳುಪ್ಪು. ಆ ಹಿಡಿ ಈಗ ಇಲ್ಲ. ಬೆರಳು ಮಡಚಲ್ಲ. ಇಲ್ಲದ ಹಿಡಿಯನ್ನು ತೂಗುವುದು ಹೇಗೆ?

"ಎಡಗೈ ಹಿಡಿಲಿ ತೂಗಾಣ" ಅಂದೆ.

"ಇದು ನನ್ನ ಕೈಯೇ ಅಲ್ಲ. ಇದಕ್ಕೆ ಏನೂ ಗೊತ್ತಿಲ್ಲ" ಅಂದಳು.

"ಲಲಿತನ ಹಿಡಿ?"

ಲಲಿತ ತಲೆ ಆಡಿಸಿದಳು. "ಅಕ್ಕನ ಹಿಡಿ ನನ್ನದಕ್ಕಿಂತ ದೊಡ್ಡದು ಟೀಚರ್. ಎಷ್ಟು ದೊಡ್ಡದು ಅಂತ ಹೇಳಕ್ಕೆ ಬರಲ್ಲ."

ವನಜಕ್ಕ ಕುರ್ಚಿಯಲ್ಲಿ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಅಳದವಳು, ನೆಂಟರ ಎದುರು ಅಳದವಳು, ಅವತ್ತು ನನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬದ ಎದುರು ಅತ್ತಳು. "ನಾಗೇಂದ್ರಣ್ಣ ಹೇಳಿದ್ದೇ ಸರಿ ಕಣೆ. ಹೋದ್ದು ಹೋಯ್ತು. ಫೋನ್ ಮಾಡಿ ಬೇಡ ಅಂತೀನಿ."

ಫೋನ್ ಎಲ್ಲಿ ಅಂತ ಹುಡುಕಿದಳು ಕೂಡ. ಅದನ್ನು ಲಲಿತ ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು. ಕೊಡಲಿಲ್ಲ.

"ಅಕ್ಕ, ನೀವು ಏಳು ಹಿಡಿ ಹಾಕಿ ಸುಮ್ನೆ ಇರ್ತಿದ್ರಾ?" ಅಂತ ಕೇಳಿದಳು. ಆ ನಾಲ್ಕು ದಿನದಲ್ಲಿ ಲಲಿತ ಆಡಿದ ಅತಿ ಉದ್ದದ ಮಾತು ಇದೇ. "ಹಾಕಿ ರುಚಿ ನೋಡ್ತಿದ್ರಿ. ಕೆಲವು ಸಲ ಇನ್ನೊಂಚೂರು ಹಾಕ್ತಿದ್ರಿ. ಸಾಕು ಅಂದದ್ದು ಕೈಯಾ?"

ನಾವಿಬ್ಬರೂ ಅವಳ ಮುಖ ನೋಡಿದೆವು.

ಮರುದಿನ ಐದು ಲೀಟರ್ ಸಾರು ಕುದಿಸಿದೆವು. ಉಪ್ಪಿಲ್ಲದ್ದು. ತೂಗಿದ ಉಪ್ಪಿನ ಬಟ್ಟಲು ಲಲಿತನ ಕೈಯಲ್ಲಿ. ಮೆಷಿನ್ನಿನ ಮುಖ ನನ್ನ ಕಡೆಗೆ, ವನಜಕ್ಕನಿಗೆ ಕಾಣದ ಹಾಗೆ. ಲಲಿತ ಸ್ವಲ್ಪ ಸ್ವಲ್ಪ ಹಾಕಿ, ಬಟ್ಟಲನ್ನು ಮತ್ತೆ ಮೆಷಿನ್ ಮೇಲಿಟ್ಟು ಕದಡುವುದು, ವನಜಕ್ಕ ಕಣ್ಣು ಮುಚ್ಚಿ ಒಂದು ಚಮಚ ಕುಡಿಯುವುದು. "ಇನ್ನೂ." "ಇನ್ನೂ." "ಒಂಚೂರು." "ಹ್ಞಾ. ಸಾಕು."

ಬಟ್ಟಲಲ್ಲಿ ಉಳಿದದ್ದನ್ನು ತೂಗಿ ಕಳೆದೆ. ನಲವತ್ತಾರು ಗ್ರಾಂ ಹೋಗಿತ್ತು.

ಎರಡನೇ ದಿನ ಮತ್ತೆ ಐದು ಲೀಟರ್. "ಹ್ಞಾ. ಸಾಕು." ನಲವತ್ತೈದು.

ಮೂರನೇ ದಿನ ನಾನೊಂದು ಮೋಸ ಮಾಡಿದೆ. (ಮೇಷ್ಟ್ರುಗಳಿಗೆ ಪರೀಕ್ಷೆ ಮಾಡದಿದ್ದರೆ ನಿದ್ದೆ ಬರಲ್ಲ.) ಯಾರಿಗೂ ಹೇಳದೆ ಐದರ ಬದಲು ಆರು ಲೀಟರ್ ಇಟ್ಟೆ. ಹಿಂದಿನ ಲೆಕ್ಕ ಸರಿಯಾದರೆ ಈಗ ಐವತ್ತೈದರ ಹತ್ತಿರ ನಿಲ್ಲಬೇಕು. ನಲವತ್ತಾರಕ್ಕೆ ಬಂತು. "ಇನ್ನೂ" ಅಂದಳು ವನಜಕ್ಕ. ಐವತ್ತು. "ಇನ್ನೂ." ಐವತ್ಮೂರು. "ಒಂಚೂರು." ಆಮೇಲೆ ಇನ್ನೊಂದು ಚಮಚ ಕುಡಿದು, "ಸಾಕು" ಅಂದಳು. ಕಣ್ಣು ತೆರೆದು ನನ್ನನ್ನೇ ನೋಡಿ ಕೇಳಿದಳು: "ಇವತ್ತು ಎಂತಕ್ಕೆ ಜಾಸ್ತಿ ಸಾರು ಮಾಡಿದ್ದೀಯ?"

ಐವತ್ತೈದು ಗ್ರಾಂ!

ನಾನು ಕುಣಿದೆ. ಲಲಿತ ನಕ್ಕಳು. ವನಜಕ್ಕ ಮಾತ್ರ ಗಂಭೀರವಾಗಿ ನಾನು ಲೆಕ್ಕ ಬರೆಯುತ್ತಿದ್ದ ಪುಸ್ತಕ ಮುಂದೆ ತಳ್ಳಿ, "ಬರಿ" ಅಂದಳು. ಲೀಟರಿಗೆ ಒಂಬತ್ತು ಗ್ರಾಂ, ಮೇಲೆ ಒಂಚೂರು. ದೊಡ್ಡ ಪಾತ್ರೆ ನಲವತ್ತೈದು ಲೀಟರಿನದು. ಅದಕ್ಕೆ ನಾನೂರ ಹದಿನಾಲ್ಕು ಗ್ರಾಂ. ಏಳರಿಂದ ಭಾಗಿಸಿದೆ. ವನಜಕ್ಕನ ಕಳೆದುಹೋದ ಹಿಡಿಗೆ ಐವತ್ತೊಂಬತ್ತು ಗ್ರಾಂ.

ಈಗ ಹೇಳಿ, ಇಪ್ಪತ್ತೆರಡು ವರ್ಷ ನಾವು ಹೊಗಳಿದ್ದು ಯಾವುದನ್ನ? ಕೈಯನ್ನ. ಕೆಲಸ ಮಾಡಿದ್ದು ಯಾವುದು? ನಾಲಿಗೆ. ಅದಕ್ಕೂ ಹಿಂದೆ ತಲೆ. ಐದು ಲೀಟರಿಗೂ ಆರು ಲೀಟರಿಗೂ ಇರುವ ವ್ಯತ್ಯಾಸವನ್ನು ಒಂದು ಚಮಚದಲ್ಲಿ ಹಿಡಿಯುವ ತಲೆ. ಗಂಡಸೊಬ್ಬ ಅಡಿಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ ಇದು ಇಂಥ ದರ್ಜೆ ಅಂದರೆ ಅವನನ್ನು "ತಜ್ಞ" ಅಂತೀವಿ. ಹೆಂಗಸೊಬ್ಬಳು ಇದನ್ನು ಮಾಡಿದರೆ "ಕೈರುಚಿ". ಅವಳಿಗೆ ಏನೂ ಗೊತ್ತಿಲ್ಲ, ಎಲ್ಲ ಕೈಗೇ ಗೊತ್ತು ಅನ್ನೋ ಹಾಗೆ!

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ. ನಮ್ಮ ಸಹೋದ್ಯೋಗಿಯೊಬ್ಬರು (ಒಳ್ಳೆಯವರೇ) ಬೇಸರದಿಂದ ಹೇಳಿದರು: "ತೂಕ ಹಾಕಿ ಮಾಡಿದ ಅಡುಗೆಗೆ ಆತ್ಮ ಇರಲ್ಲ ಮೇಡಂ."

"ನಿಮ್ಮ ಮನೆಲಿ ಅಡುಗೆ ಯಾರು ಸರ್ ಮಾಡೋದು?"

"ನಮ್ಮನೆಯವರು."

"ನೀವು ಮಾಡಲ್ವಾ?"

"ನನಗೆ ಬರಲ್ಲ. ಅವಳ ಕೈರುಚಿ ನನಗೆಲ್ಲಿ ಬರಬೇಕು?"

ನೋಡಿದ್ರಾ? ಎಷ್ಟು ಅನುಕೂಲದ ಮಾತು! ರುಚಿ ಕೈಯಲ್ಲಿದ್ದರೆ ಅದನ್ನು ಕಲಿಯುವ ಹಾಗಿಲ್ಲ. ಕಲಿಯುವ ಹಾಗಿಲ್ಲದಿದ್ದರೆ ಮಾಡುವ ಹಾಗಿಲ್ಲ. ಹಾಗಾಗಿ ಕೈ ಇರುವವಳೇ ಜೀವನಪೂರ್ತಿ ಮಾಡಬೇಕು. ಜ್ವರ ಬಂದರೂ ಅವಳೇ, ತವರಿನಲ್ಲಿ ಮದುವೆ ಇದ್ದರೂ ಅವಳೇ. ಪುಸ್ತಕದಲ್ಲಿ ಗ್ರಾಂ ಬರೆದಿಟ್ಟರೆ? ಯಾರು ಬೇಕಾದರೂ ಮಾಡಬಹುದು. ಗಂಡನೂ ಮಾಡಬಹುದು! ಅದಕ್ಕೇ ಆತ್ಮ ಹೋಗೋದು. ಆತ್ಮ ಬೇಕು ಅನ್ನುವವರು ಒಲೆಯ ಹತ್ತಿರ ನಿಂತದ್ದನ್ನು ನಾನಂತೂ ಕಂಡಿಲ್ಲ. ಕೊಪ್ಪದ ಮಂಡಿಗೆ ಹೋಗಿ "ತೂಕ ಬೇಡ, ಅಂದಾಜಿಗೆ ನಾಲ್ಕು ಹಿಡಿ ಅಡಿಕೆ ತಗೊಳ್ಳಿ, ಆತ್ಮ ಇರ್ತದೆ" ಅಂದು ನೋಡಿ, ಏನಂತಾರೆ ಅಂತ.

ಗೃಹಪ್ರವೇಶದ ದಿನ ನಾನೂ ಕಡಹಿನಬೈಲಿಗೆ ಹೋದೆ. ರಜೆ ಹಾಕಿ. ಹೊಸ ಮನೆಯ ಹಿಂದೆ ಶೀಟ್ ಇಳಿಸಿದ ಜಾಗದಲ್ಲಿ ಒಲೆ. ವನಜಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಪುಸ್ತಕ. ಪಕ್ಕದ ಸ್ಟೂಲಿನ ಮೇಲೆ ನನ್ನ ಕೇಕಿನ ಮೆಷಿನ್.

ನಾಗೇಂದ್ರಣ್ಣನ ಭಾವ ಅಂತ ಒಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಶಿವಮೊಗ್ಗದ ಅಡುಗೆಯವರನ್ನು ಕರೆಸೋಣ ಅಂದದ್ದು ಇವರೇ ಅಂತ ಶೇಷಣ್ಣ ಕಿವಿಯಲ್ಲಿ ಹೇಳಿದರು. ಭಾವ ಮೆಷಿನ್ ನೋಡಿದರು, ನಕ್ಕರು.

"ಎಂತ ವನಜಮ್ಮ, ಬಂಗಾರದ ಅಂಗಡಿ ಇಟ್ಟಿದ್ದೀರಾ? ತಕ್ಕಡಿ ಹಿಡ್ಕಂಡು ಅಡುಗೆ ಮಾಡೋದನ್ನ ಇದೇ ಮೊದಲು ಕಂಡದ್ದು."

"ಬಂಗಾರಕ್ಕಾದ್ರೆ ತೂಕ ಬೇಕು, ನಾನು ಮಾಡೋದಕ್ಕೆ ಬೇಡ ಅಂತೀರಾ?" ಅಂದಳು ವನಜಕ್ಕ. ತಲೆ ಎತ್ತಲಿಲ್ಲ. "ಲಲಿತ, ಮೆಂತ್ಯ ನಲವತ್ತು ಗ್ರಾಂ. ನಲವತ್ತೊಂದಲ್ಲ."

ಭಾವ ಹೋದರು. ಆದರೆ ತೊಂದರೆ ಹೋಗಲಿಲ್ಲ. ಉಪ್ಪಿನ ಚೀಲ ಬಿಚ್ಚಿದಾಗ ಲಲಿತ ಹೆದರಿ ಕೂಗಿದಳು. ಹರಳುಪ್ಪು ತರಬೇಕು ಅಂತ ಪಟ್ಟಿಯಲ್ಲಿ ಬರೆದಿತ್ತು. ಮನೆಯವರು ತಂದಿಟ್ಟದ್ದು ಪುಡಿಉಪ್ಪು. ಹೊತ್ತು ಹತ್ತೂವರೆ. ಪೇಟೆಗೆ ಹೋಗಿ ಬರುವಷ್ಟು ಸಮಯ ಇಲ್ಲ.

ಸಮಾರಂಭದ ಅಡುಗೆ ಮಾಡುವವರಿಗೆ ಇದು ಎಂಥ ಗಂಡಾಂತರ ಅಂತ ಗೊತ್ತು. ಪುಡಿಉಪ್ಪು ಹಿಡಿಯೊಳಗೆ ಒತ್ತಾಗಿ ಕೂರ್ತದೆ. ಹರಳಿನ ನಡುವೆ ಗಾಳಿ ಇರ್ತದೆ. ಏಳು ಹಿಡಿ ಅಂತ ಅಭ್ಯಾಸದಲ್ಲಿ ಹಾಕಿಬಿಟ್ಟರೆ ಮುನ್ನೂರು ಜನ ನೀರಿಗೆ ಓಡಬೇಕು.

ವನಜಕ್ಕ ನನ್ನ ಕಡೆ ತಿರುಗಿದಳು. "ನಾನೂರ ಹದಿನಾಲ್ಕು ಗ್ರಾಂ ಪುಡಿ, ನಾನೂರ ಹದಿನಾಲ್ಕು ಗ್ರಾಂ ಹರಳು. ಎರಡೂ ಉಪ್ಪೇ ಅಲ್ದಾ?"

"ಉಪ್ಪೇ" ಅಂದೆ.

"ಹಂಗಾರೆ ಹೆದರಿಕೆ ಎಂತಕ್ಕೆ? ತೂಗು ಲಲಿತ."

ಲಲಿತ ತೂಗಿದಳು. ಹಾಕಿದಳು. ಕದಡಿದಳು. ವನಜಕ್ಕ ಎಡಗೈಯಲ್ಲಿ ಸೌಟು ಹಿಡಿದು ಒಂದು ಗುಟುಕು ಕುಡಿದಳು. ಸೌಟನ್ನು ನನಗೆ ಕೊಟ್ಟಳು. ನಾನು ಕುಡಿದೆ. ಓದುಗರೇ, ಅದು ಅದೇ ಸಾರು. ಇಪ್ಪತ್ತೆರಡು ವರ್ಷ ಕುಡಿದ, ಶ್ರಾವಣದಲ್ಲಿ ಸತ್ತೇಹೋಯಿತು ಅಂದುಕೊಂಡಿದ್ದ ಅದೇ ಸಾರು.

ಎಲ್ಲ ಸುಸೂತ್ರವಾಯಿತು ಅಂತ ಬರೆದರೆ ಸುಳ್ಳಾಗ್ತದೆ. ಹುಳಿ ನೀರಾಯಿತು. ಸಾರಿನ ಸಂಭ್ರಮದಲ್ಲಿ ನಾವು ಹುಳಿಯ ತರಕಾರಿ ತೂಗಿರಲಿಲ್ಲ. ಸೌತೆಕಾಯಿ ಹನ್ನೆರಡು ಅಂತ ಎಣಿಸಿ ಹಾಕಿದ್ದರು. ಆ ಹನ್ನೆರಡೂ ಎಳೆಯವು, ಸಣ್ಣವು. ಎರಡನೇ ಪಂಕ್ತಿಯಲ್ಲಿ ಯಾರೋ "ಹುಳಿ ಸ್ವಲ್ಪ ತೆಳ್ಳಗೆ" ಅಂದದ್ದು ವನಜಕ್ಕನ ಕಿವಿಗೆ ಬಿತ್ತು. "ಹೌದು, ತೆಳ್ಳಗಾಗಿದೆ. ನನ್ನ ತಪ್ಪು" ಅಂತ ಅವರಿಗೆ ಕೇಳುವ ಹಾಗೆಯೇ ಹೇಳಿದಳು. ನನಗೆ "ಸೌತೆಕಾಯಿಗೂ ಕೆ.ಜಿ. ಬರ್ಕೋ" ಅಂದಳು.

ಸಾರು ಮಾತ್ರ ಮೂರನೇ ಪಂಕ್ತಿಗೆ ತಳ ಕಂಡಿತು. ನಾಗೇಂದ್ರಣ್ಣ ಒಲೆಯ ಹತ್ತಿರ ಬಂದು ಕೈ ಮುಗಿದರು. ಮುಖದಲ್ಲಿ ಸ್ವಲ್ಪ ನಾಚಿಕೆ. "ವನಜಮ್ಮ, ನಾನು ಹಾಗೆ ಫೋನ್ ಮಾಡಬಾರದಿತ್ತು. ನಿಮ್ಮ ಕೈರುಚಿ ಎಲ್ಲೂ ಹೋಗಿಲ್ಲ, ಹಾಗೇ ಇದೆ."

ಬೇರೆಯವರಾಗಿದ್ದರೆ "ಎಲ್ಲ ದೇವರ ದಯ" ಅಂದು ಸುಮ್ಮನಾಗುತ್ತಿದ್ದರು. ವನಜಕ್ಕ ನಡುಗುವ ಬಲಗೈಯನ್ನು ಅವರೆದುರಿಗೆ ಎತ್ತಿ ತೋರಿಸಿದಳು.

"ಕೈ ಹೋಗಿದೆ ನಾಗೇಂದ್ರಣ್ಣ. ನೋಡಿ. ನೀವು ಕುಡಿದದ್ದು ನನ್ನ ಲೆಕ್ಕ."

ಅದಾಗಿ ಮೂರು ತಿಂಗಳು. ಆ ಪುಸ್ತಕ ಈಗ ದಪ್ಪವಾಗಿದೆ. ಹೋಳಿಗೆ, ಪಾಯಸ, ಗೊಜ್ಜು, ಎಲ್ಲಕ್ಕೂ ಪುಟ. ಲಲಿತ ಅದನ್ನು ಇನ್ನೊಂದು ಪುಸ್ತಕಕ್ಕೆ ಇಳಿಸಿಕೊಂಡಿದ್ದಾಳೆ, ಅದೂ ವನಜಕ್ಕನೇ ಹೇಳಿ. "ಎಲ್ಲಾ ಅವಳಿಗೆ ಕೊಟ್ಟುಬಿಟ್ರೆ ನಾಳೆ ನಿನ್ನನ್ನ ಯಾರು ಕರೀತಾರೆ?" ಅಂತ ನೆಂಟರೊಬ್ಬರು ಎಚ್ಚರಿಸಿದರು. "ಅವಳನ್ನ ಕರೀಲಿ. ಹದಿನೈದು ವರ್ಷ ಅವಳು ಹೆಚ್ಚಿದ ತರಕಾರಿಲಿ ನನ್ನ ಹೆಸರು ಆಯ್ತಲ್ಲ, ಆಗ ಯಾರೂ ಕೇಳಿರಲಿಲ್ಲ" ಅಂದಳು ವನಜಕ್ಕ.

ಹೋದ ವಾರ ಶೃಂಗೇರಿಯಲ್ಲಿ ನಮ್ಮ ಹತ್ತಿರದ ನೆಂಟರ ಮದುವೆ. ಅಡುಗೆ ಲಲಿತನದು. ಪೂರ್ತಿ ಅವಳದೇ. ವನಜಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅಭ್ಯಾಸಬಲದಿಂದ ಛತ್ರದ ಹಿಂಬಾಗಿಲಿನ ಕಡೆಗೇ ನಡೆದಳು. ನಾನು ತೋಳು ಹಿಡಿದು ಮುಂದಿನ ಬಾಗಿಲಿಗೆ ತಿರುಗಿಸಿದೆ. ಮೊದಲ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತೆವು. ಲಲಿತ ಸೌಟು ಹಿಡಿದು ತಾನೇ ಸಾರು ಬಡಿಸಲು ಬಂದಳು, ವನಜಕ್ಕನ ಎಲೆಯ ಎದುರು ಒಂದು ಕ್ಷಣ ನಿಂತಳು. ವನಜಕ್ಕ ಎಡಗೈಯಲ್ಲಿ ಕಲಸಿ ಒಂದು ತುತ್ತು ಬಾಯಿಗಿಟ್ಟಳು. (ಎಡಗೈಯಲ್ಲಿ ಉಣ್ಣುವುದನ್ನು ಎದುರಿನ ಸಾಲಿನ ಅಜ್ಜಿಯೊಬ್ಬರು ದುರುಗುಟ್ಟಿ ನೋಡಿದರು. ವನಜಕ್ಕ ತಿರುಗಿ ನೋಡಿದಳು. ಅಜ್ಜಿ ಹಪ್ಪಳದ ಕಡೆ ಕಣ್ಣು ಹೊರಳಿಸಿದರು.)

"ಹ್ಞಾ" ಅಂದಳು ಲಲಿತನಿಗೆ. "ಇನ್ನೊಂದು ಸೌಟು ಬಿಡು."

ಲಲಿತ ಮುಂದಿನ ಎಲೆಗೆ ಹೋದಮೇಲೆ ವನಜಕ್ಕ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಇಪ್ಪತ್ತೆರಡು ವರ್ಷದಲ್ಲಿ ಮದುವೆಮನೆಲಿ ಬಿಸಿ ಸಾರು ಉಂಡದ್ದು ಇದೇ ಮೊದಲು ಕಣೆ."

ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಮೊದಲ ಪಂಕ್ತಿಗೆ ಕೂತದ್ದು ಯಾವಾಗ?